ಶಿಕೋಕುವಿನ 88 ಗುಡಿಗಳ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಜಪಾನಿನ ಶಿಕೋಕು ದ್ವೀಪದಲ್ಲಿ 88 ಬೌದ್ಧ ದೇವಾಲಯಗಳನ್ನು ಸುತ್ತಿ ಬರುವ ಹಳೆಯ ಯಾತ್ರೆಯೊಂದಿದೆ. ಅದರ ಒಂದು ಭಾಗವನ್ನು ಮಾರ್ಗದರ್ಶಕರಿದ್ದ ಚಿಕ್ಕ ತಂಡದೊಂದಿಗೆ ನಾನು ಹತ್ತು ದಿನ ಮಾಡಿಬಂದ ಸಂಗತಿಯನ್ನು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲುಗಳಲ್ಲಿ ಬರೆದಿದ್ದೆ. ಅದನ್ನು ಓದಿ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹಲವರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 63. ಮೊಣಕಾಲು ನೋವು ಆಗಾಗ ಕಾಡುತ್ತದೆ. ಬಸ್ಸಿನಲ್ಲಿ 88 ಗುಡಿಗಳನ್ನೂ ತೋರಿಸುವ ಪ್ರವಾಸ ಒಂದಿದೆ, ಕೆಲವೇ ಗುಡಿಗಳ ನಡುವೆ ನಡೆಸಿಕೊಂಡು ಹೋಗುವ ಪ್ರವಾಸ ಇನ್ನೊಂದಿದೆ. ಯಾವುದನ್ನು ಆರಿಸಿಕೊಳ್ಳಲಿ? — ಧಾರವಾಡ

ಉತ್ತರ: ಅಕ್ಕಾವರೆ, ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇಡೀ ಸುತ್ತು ಸುಮಾರು 1,200 ಕಿ.ಮೀ. ಆಗುತ್ತದೆ. ಪೂರ್ತಿ ನಡೆಯುವವರಿಗೆ 40ರಿಂದ 50 ದಿನ ಬೇಕು. ಬಸ್ಸಿನಲ್ಲಿ ಹೋದವರು ಹತ್ತು ಹನ್ನೆರಡು ದಿನಗಳಲ್ಲಿ ಮುಗಿಸುತ್ತಾರೆ. ಹಾಗೆ ಮುಗಿಸಬೇಕೆಂದರೆ ದಿನಕ್ಕೆ ಏಳರಿಂದ ಒಂಬತ್ತು ಗುಡಿಗಳಾಗುತ್ತವೆ. ಇಳಿದು, ಕೈಮುಗಿದು, ಯಾತ್ರಿಕರು ಒಯ್ಯುವ ಪುಸ್ತಕಕ್ಕೆ ಆ ಗುಡಿಯ ಮುದ್ರೆ ಹಾಕಿಸಿಕೊಂಡು ಮತ್ತೆ ಏರುವಷ್ಟರಲ್ಲಿ ದಿನ ಕಳೆದಿರುತ್ತದೆ. ನಡೆಯಲಾಗದ ಹಿರಿಯರಿಗೆ ಅದು ದೊಡ್ಡ ಅನುಕೂಲ, ಜಪಾನೀಯರಲ್ಲಿಯೇ ಬಹಳ ಜನ ಹಾಗೆ ಮಾಡುತ್ತಾರೆ, ಅದರಿಂದ ಪುಣ್ಯ ಕಡಿಮೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಆದರೆ ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಹೋಗುವ ನಡುವಿನ ಊರು, ಗದ್ದೆಯ ಬದು, ಬಿದಿರುಮೆಳೆ, ಹಿತ್ತಲಲ್ಲಿ ಕೆಲಸ ಮಾಡುತ್ತ ತಲೆ ಎತ್ತಿ ನಮಸ್ಕರಿಸುವ ಮುದುಕರು, ಇವೆಲ್ಲ ಕಿಟಕಿಯ ಗಾಜಿನಾಚೆ ಸರಿದುಹೋಗುತ್ತವೆ. ನನಗೆ ಯಾತ್ರೆ ಎಂದು ಅನಿಸಿದ್ದು ಆ ನಡುವಿನ ದಾರಿಯೇ. ಕೆಲವು ಗುಡಿಗಳ ಹೆಸರು ಈಗ ನೆನಪಿಗೆ ಬರುವುದಿಲ್ಲ, ಅವುಗಳ ನಡುವೆ ನಡೆದ ದಾರಿ ಮಾತ್ರ ತಿರುವು ತಿರುವಾಗಿ ಕಣ್ಣ ಮುಂದಿದೆ.

88 ಗುಡಿಗಳನ್ನು ಒಂದೇ ಸಲ ಮುಗಿಸಬೇಕೆಂಬ ಕಟ್ಟಳೆಯೂ ಇಲ್ಲ. ಭಾಗ ಭಾಗವಾಗಿ ಹಲವು ವರ್ಷಗಳಲ್ಲಿ ಮಾಡುವುದಕ್ಕೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ, ಒಂದೇ ಪ್ರಾಂತವನ್ನು ಸುತ್ತುವುದಕ್ಕೂ ಇದೆ. ಪ್ರಾಂತಗಳು ನಾಲ್ಕು: ತೊಕುಶಿಮಾ, ಕೋಚಿ, ಎಹಿಮೆ, ಕಾಗಾವಾ. ಇವನ್ನು ಕ್ರಮವಾಗಿ ಸಂಕಲ್ಪ, ಸಾಧನೆ, ಬೋಧಿ, ನಿರ್ವಾಣಗಳ ನೆಲವೆಂದು ಕರೆಯುತ್ತಾರೆ. ಮೊದಲ ಸಲ ಹೋಗುವವರಿಗೆ ತೊಕುಶಿಮಾ ಸಾಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಒಂದರಿಂದ ಹತ್ತನೆಯ ಗುಡಿಯವರೆಗಿನ ದಾರಿ ಯೋಶಿನೋ ನದಿಯ ಬಯಲಿನಲ್ಲಿ ಹಾದುಹೋಗುತ್ತದೆ, ಒಟ್ಟು ಸುಮಾರು 28 ಕಿ.ಮೀ., ಬಹುಪಾಲು ಸಪಾಟು. ಎರಡು ಮೂರು ದಿನಗಳಲ್ಲಿ ನಿಧಾನವಾಗಿ ನಡೆಯಬಹುದು. ಹತ್ತನೆಯದಾದ ಕಿರಿಹಾತಾಜಿಗೆ ಮಾತ್ರ 333 ಪಾವಟಿಗೆಗಳಿವೆ.

ಹನ್ನೊಂದರಿಂದ ಹನ್ನೆರಡನೆಯ ಶೋಸಾನ್‌ಜಿಗೆ ಹೋಗುವ 13 ಕಿ.ಮೀ. ಬೆಟ್ಟದ ದಾರಿ ಬೇರೆಯೇ ಮಾತು. ಒಂದು ಏರು ಹತ್ತಿ ಉಸಿರು ಬಿಡುವಷ್ಟರಲ್ಲಿ ಬಹಳಷ್ಟು ಎತ್ತರವನ್ನು ಇಳಿಸಿಬಿಟ್ಟು ಮತ್ತೆ ಹತ್ತಿಸುತ್ತದೆ. ಆರರಿಂದ ಎಂಟು ತಾಸು ಬೇಕು. ‘ಯಾತ್ರಿಕರು ಉರುಳಿ ಬೀಳುವ ಜಾಗ’ ಎಂದೇ ಅದಕ್ಕೆ ಹೆಸರಿದೆ. ನಡುದಾರಿಯ ಒಂದು ತಿರುವಿನಲ್ಲಿ ಕಲ್ಲಿನ ಪಾವಟಿಗೆ ಹತ್ತುತ್ತ ತಲೆ ಎತ್ತಿದರೆ ಭಾರೀ ದೇವದಾರು ಮರದ ಮುಂದೆ, ಈ ಯಾತ್ರೆ ಯಾರ ಹೆಸರಿನಲ್ಲಿ ನಡೆಯುತ್ತದೆಯೋ ಆ ಯತಿ ಕೋಬೋ ದೈಶಿಯ ದೊಡ್ಡ ಪ್ರತಿಮೆ ನಿಂತಿರುತ್ತದೆ. ಅದನ್ನು ಕಂಡ ಕೂಡಲೇ ನಮ್ಮ ತಂಡದಲ್ಲಿ ಇಬ್ಬರು ನೆಲಕ್ಕೆ ಕುಳಿತು ಅತ್ತುಬಿಟ್ಟರು. ನಿಮ್ಮ ಮೊಣಕಾಲಿಗೆ ಈ ದಾರಿ ಬೇಡ. ಆ ದಿನ ನಿಮ್ಮನ್ನು ವಾಹನದಲ್ಲಿ ಮೇಲಕ್ಕೆ ಕರೆದೊಯ್ಯುವ ಏರ್ಪಾಟು ಇದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿರಿ. ‘ದಿನಕ್ಕೆ ಎಷ್ಟು ಕಿಲೋಮೀಟರ್’ ಎಂದು ಕೇಳಿದರೆ ಅರ್ಧ ಉತ್ತರವೇ ಸಿಗುತ್ತದೆ. ಎಷ್ಟು ಮೀಟರ್ ಹತ್ತಬೇಕು, ಎಷ್ಟು ಇಳಿಯಬೇಕು ಎಂದು ಕೇಳಬೇಕು, ಏಕೆಂದರೆ ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗ. ಪೆಟ್ಟಿಗೆಯನ್ನು ಮುಂದಿನ ವಸತಿಗೆ ಅವರೇ ಸಾಗಿಸುತ್ತಾರೆಯೇ ಎಂಬುದೂ ಮುಖ್ಯ.

ಹೊರಡುವ ಮೂರು ತಿಂಗಳ ಮೊದಲು ಅಭ್ಯಾಸ ಶುರುವಾಗಲಿ. ನಿಮ್ಮಲ್ಲಿ ಕೆಲಗೇರಿ ಕೆರೆಯ ಸುತ್ತ ನಡೆಯಬಹುದು. ವಾರಕ್ಕೊಮ್ಮೆ ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಐದು ಕಿಲೋ ತೂಕದ ಚೀಲ ಹೊತ್ತು ಹತ್ತಿ ಇಳಿಯಿರಿ. ಯಾತ್ರೆಗೆ ಹಾಕುವ ಬೂಟನ್ನೇ ಅಂದೂ ಹಾಕಿಕೊಳ್ಳಬೇಕು.

ಪ್ರಶ್ನೆ: ನಾವು ಲಿಂಗಧಾರಿಗಳು. ಬೌದ್ಧರ ಗುಡಿಗಳಲ್ಲಿ ಅವರ ಬಟ್ಟೆ ತೊಟ್ಟು, ಅವರ ಸೂತ್ರ ಹೇಳಿ ಯಾತ್ರೆ ಮಾಡುವುದು ಸರಿಯೇ? ಅಲ್ಲಿಯವರು ಇದನ್ನು ಒಪ್ಪುತ್ತಾರೆಯೇ? — ಗದಗ

ಉತ್ತರ: ಅಲ್ಲಿ ಯಾರೂ ನಿಮ್ಮ ಮತ ಕೇಳುವುದಿಲ್ಲ. ಕೊರಳಲ್ಲಿ ಇಷ್ಟಲಿಂಗ ಇರುವುದರಿಂದ ಏನೂ ತೊಂದರೆಯಿಲ್ಲ. ಸೂತ್ರಪಠಣದಲ್ಲಿ ದನಿಗೂಡಿಸಲು ಮನಸ್ಸು ಒಪ್ಪದಿದ್ದರೆ ಕೈಮುಗಿದು ಮೌನವಾಗಿ ನಿಲ್ಲಬಹುದು. ನಮ್ಮ ತಂಡದ ಒಬ್ಬರು ಪ್ರತಿ ಗುಡಿಯ ಮುಂದೆ ಮನಸ್ಸಿನಲ್ಲಿಯೇ ವಚನ ಹೇಳಿಕೊಳ್ಳುತ್ತಿದ್ದರು.

ಆದರೂ ಅಲ್ಲಿ ನಿಮಗೆ ಪರಕೀಯ ಎನಿಸುವುದಕ್ಕಿಂತ ಪರಿಚಿತ ಎನಿಸುವುದೇ ಹೆಚ್ಚು. ಈ ಯಾತ್ರೆ ನಡೆಯುವುದು ಕೂಕಾಯ್ ಎಂಬ ಯತಿಯ ಹೆಸರಿನಲ್ಲಿ. ಕೋಬೋ ದೈಶಿ ಎಂಬುದು ಅವರ ಕಾಲಾನಂತರ 921ರಲ್ಲಿ ಬಂದ ಬಿರುದು. ಅವರು ಹುಟ್ಟಿದ್ದು 774ರಲ್ಲಿ, ಈಗಿನ ಕಾಗಾವಾ ಪ್ರಾಂತದಲ್ಲಿ. ಜನ್ಮಸ್ಥಳದಲ್ಲಿರುವ ಝೆಂತ್ಸುಜಿ ಇಂದು 75ನೆಯ ಗುಡಿ. 804ರಲ್ಲಿ ಚೀನಾಕ್ಕೆ ಹೋಗಿ, ತಾಂತ್ರಿಕ ಬೌದ್ಧ ಪರಂಪರೆಯ ದೀಕ್ಷೆ ಪಡೆದು, 806ರಲ್ಲಿ ಮರಳಿ ಶಿಂಗೋನ್ ಪಂಥವನ್ನು ನೆಲೆಗೊಳಿಸಿದರು. ‘ಶಿಂಗೋನ್’ ಎಂಬ ಮಾತಿನ ಅರ್ಥವೇ ಮಂತ್ರ. ಆ ಪಂಥದ ಗುಡಿಗಳಲ್ಲಿ ಅಗ್ನಿಕಾರ್ಯವನ್ನು ‘ಗೋಮಾ’ ಎನ್ನುತ್ತಾರೆ, ಅದು ನಮ್ಮ ಹೋಮ. ಯಾತ್ರಿಕರ ಕೋಲಿನ ತುದಿಯಲ್ಲಿ ಬರೆದಿರುವುದು ಭಾರತದಿಂದ ಹೋದ ಸಿದ್ಧಂ ಲಿಪಿಯ ಬೀಜಾಕ್ಷರಗಳು. ಮೊದಲನೆಯ ಗುಡಿ ರ್ಯೋಝೆನ್‌ಜಿಯ ಹೆಸರು ಬಂದಿರುವುದೇ ಬುದ್ಧ ಉಪದೇಶ ಮಾಡಿದ ರಾಜಗೃಹದ ಗೃಧ್ರಕೂಟದಿಂದ. ಪ್ರತಿ ಗುಡಿಯಲ್ಲಿ ಹೇಳುವ ಹೃದಯಸೂತ್ರದ ಕೊನೆಗೆ ‘ಗ್ಯಾತೇ ಗ್ಯಾತೇ ಹಾರಾಗ್ಯಾತೇ’ ಎಂದು ಕೇಳಿಸಿದಾಗ ನನಗೆ ಮೊದಲ ದಿನ ಅರ್ಥವಾಗಲಿಲ್ಲ. ಮೂರನೆಯ ಗುಡಿಯಲ್ಲಿ ಅದು ‘ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ’ ಎಂದು ಹೊಳೆದು ಮೈ ಜುಮ್ಮೆಂದಿತು.

ಇನ್ನು, ಬೌದ್ಧರು ನಮ್ಮ ಸೀಮೆಗೆ ಹೊಸಬರೇ? ನಿಮ್ಮ ಗದಗ ಜಿಲ್ಲೆಯ ಡಂಬಳದಲ್ಲಿಯೇ 1095ರ ಶಾಸನವೊಂದಿದೆ. ಆಗ ಧರ್ಮವೊಳಲು ಎನಿಸಿಕೊಂಡಿದ್ದ ಆ ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಯ ವಿಹಾರಕ್ಕೂ ಕೊಟ್ಟ ದತ್ತಿಯನ್ನು ಅದು ದಾಖಲಿಸುತ್ತದೆ. ಜಪಾನಿಗೆ ಹೋಗುವ ಮೊದಲು ಒಂದು ಭಾನುವಾರ ಡಂಬಳಕ್ಕೆ ಹೋಗಿಬನ್ನಿ. ಇನ್ನೊಂದು ದಿನ ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಹೋಗಿ ಅಲ್ಲಿಯ ಟಿಬೆಟನ್ ವಿಹಾರಗಳ ಸಾಮೂಹಿಕ ಪಠಣ ಕೇಳಿರಿ. ಟಿಬೆಟಿನವರ ವಜ್ರಯಾನವೂ ಜಪಾನಿನ ಶಿಂಗೋನ್ ಪಂಥವೂ ಒಂದೇ ಬೇರಿನ ಎರಡು ಕೊಂಬೆಗಳು.

ಬಟ್ಟೆಯ ವಿಷಯ: ಬಿಳಿಯ ಮೇಲಂಗಿ, ಹುಲ್ಲಿನ ಟೊಪ್ಪಿಗೆ, ಕೊರಳಪಟ್ಟಿ, ಕೋಲು. ಇವೆಲ್ಲ ಕಡ್ಡಾಯವಲ್ಲ. ಕೋಲನ್ನು ಮಾತ್ರ ತೆಗೆದುಕೊಳ್ಳಿ. ಅದು ಸ್ವತಃ ಕೋಬೋ ದೈಶಿ ಎಂಬ ಭಾವನೆ ಅಲ್ಲಿದೆ. ಒಬ್ಬರೇ ನಡೆದರೂ ಜೊತೆಗೆ ಅವರಿದ್ದಾರೆ ಎಂಬ ಅರ್ಥದ ‘ದೋಗ್ಯೋ ನಿನಿನ್’, ಅಂದರೆ ‘ಇಬ್ಬರ ಪಯಣ’ ಎಂಬ ಮಾತನ್ನು ಟೊಪ್ಪಿಗೆಯ ಮೇಲೂ ಬರೆದಿರುತ್ತಾರೆ. ಸಂಜೆ ವಸತಿ ಮುಟ್ಟಿದ ಮೇಲೆ ಮೊದಲು ಕೋಲಿನ ಕಾಲು ತೊಳೆಯಬೇಕು, ಆಮೇಲೆ ನಮ್ಮದು. ಸೇತುವೆಯ ಮೇಲೆ ಕೋಲನ್ನು ಊರಬಾರದು. ಒಮ್ಮೆ ಯಾರೂ ಆಶ್ರಯ ಕೊಡದೆ ದೈಶಿ ಸೇತುವೆಯ ಕೆಳಗೆ ರಾತ್ರಿ ಕಳೆದರಂತೆ, ಮಲಗಿದವರ ನಿದ್ದೆ ಕೆಡಬಾರದು ಎಂದು ಈ ನೇಮ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ತತ್ತಿಯನ್ನೂ ತಿನ್ನುವುದಿಲ್ಲ. ಜಪಾನಿನ ಹಳ್ಳಿಗಳಲ್ಲಿ ಊಟಕ್ಕೆ ಏನು ಮಾಡುವುದು? ರೊಟ್ಟಿ, ಚಟ್ನಿಪುಡಿ ಒಯ್ಯಬಹುದೇ? — ಹುಬ್ಬಳ್ಳಿ

ಉತ್ತರ: ಅತಿ ಹೆಚ್ಚು ಪತ್ರಗಳು ಬಂದದ್ದು ಈ ಪ್ರಶ್ನೆಗೆ, ಅತಿ ಹೆಚ್ಚು ಎಚ್ಚರ ಬೇಕಾದದ್ದೂ ಇಲ್ಲಿಯೇ. ಬೌದ್ಧ ಯಾತ್ರೆ ಎಂದ ಮೇಲೆ ಊಟವೂ ಸಸ್ಯಾಹಾರವೇ ಇರುತ್ತದೆ ಎಂದು ತಿಳಿಯಬೇಡಿ. ‘ಶೋಜಿನ್ ರ್ಯೋರಿ’ ಎಂಬ ವಿಹಾರದ ಅಡುಗೆಯಲ್ಲಿ ಮಾಂಸ ಮೀನುಗಳಿರುವುದಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಗಳೂ ಇರುವುದಿಲ್ಲ, ಸಾರಿನ ರುಚಿ ಕೊಂಬು ಎಂಬ ಕಡಲಕಳೆ ಮತ್ತು ಒಣ ಅಣಬೆಯಿಂದ ಬರುತ್ತದೆ. ಆದರೆ ಯಾತ್ರೆಯ ಹಾದಿಯ ಎಲ್ಲ ವಸತಿಗಳಲ್ಲಿ ಅದು ಸಿಗುವುದಿಲ್ಲ. ಗುಡಿಗೆ ಸೇರಿದ ವಸತಿಗಳಲ್ಲಿಯೂ ಯಾತ್ರಿಕರಿಗೆ ಮೀನು ಬಡಿಸುವುದುಂಟು.

ಕಣ್ಣಿಗೆ ಕಾಣದಿರುವುದೇ ದೊಡ್ಡ ತೊಡಕು. ಜಪಾನಿನ ಅಡುಗೆಗೆ ಬುನಾದಿಯಾದ ‘ದಾಶಿ’ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಒಣಗಿಸಿ ಹೆರೆದ ಮೀನಿನಿಂದ ಮಾಡುತ್ತಾರೆ. ಮಿಸೊ ಸೂಪು, ಬೇಯಿಸಿದ ಕಾಯಿಪಲ್ಲೆ, ಶಾವಿಗೆಯ ಸಾರು ಎಲ್ಲದರಲ್ಲಿಯೂ ಅದಿರುತ್ತದೆ. ಕಾಗಾವಾದ ಹೆಸರುವಾಸಿ ಉದೋನ್ ಶಾವಿಗೆಯ ಸಾರಿಗೆ ಒಣಗಿಸಿದ ಚಿಕ್ಕ ಮೀನು ಬೀಳುತ್ತದೆ. ನಾವು ತಂಗಿದ್ದ ಒಂದು ಮನೆವಸತಿಯಲ್ಲಿ ‘ಮಾಂಸ ಬೇಡ, ಮೀನು ಬೇಡ’ ಎಂದು ಮುಂಚೆಯೇ ತಿಳಿಸಿದ್ದರೂ ಮೂಲಂಗಿಯ ಪಲ್ಲೆ ಮೀನಿನ ಸಾರಿನಲ್ಲಿಯೇ ಬೆಂದಿತ್ತು. ಆ ಮನೆಯ ತಾಯಿ ಮೋಸ ಮಾಡಿರಲಿಲ್ಲ, ಅವರ ಲೆಕ್ಕದಲ್ಲಿ ಅದು ಮೀನಲ್ಲ, ರುಚಿ. ಗೊತ್ತಾದ ಮೇಲೆ ನಮ್ಮ ಜೊತೆಯಿದ್ದ ಹಿರಿಯರೊಬ್ಬರು ಆ ರಾತ್ರಿ ಬರೀ ಅನ್ನ ಉಪ್ಪು ಉಂಡು ಮಲಗಿದರು. ಆ ತಾಯಿಗೂ ಕಣ್ಣೀರು ಬಂತು, ನಮಗೂ ಸಂಕಟವಾಯಿತು. ಆದ್ದರಿಂದ ‘ಸಸ್ಯಾಹಾರಿ’ ಎಂಬ ಒಂದು ಮಾತಿಗೆ ನಿಲ್ಲದೆ, ಮೀನಿನ ದಾಶಿಯೂ ಬೇಡ, ತತ್ತಿಯೂ ಬೇಡ, ಕೊಂಬುವಿನ ದಾಶಿ ಆಗಬಹುದು ಎಂದು ಜಪಾನಿ ಭಾಷೆಯಲ್ಲಿ ಬರೆದ ಚೀಟಿಯನ್ನು ಮಾರ್ಗದರ್ಶಕರಿಂದ ಮಾಡಿಸಿಕೊಂಡು ಪ್ರತಿ ವಸತಿಗೂ ಮುಂಚಿತವಾಗಿ ಕಳಿಸಲು ಹೇಳಿರಿ. ಮಾರ್ಗದರ್ಶಕರಿರುವ ಯಾತ್ರೆಗೆ ಹೆಚ್ಚು ಹಣ ಕೊಡುವುದು ಸಾರ್ಥಕವಾಗುವುದು ಇಂಥ ಕಡೆಯೇ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ನನ್ನ ಚೀಲದಲ್ಲಿಯೂ ಇದ್ದವು. ವಿಮಾನ ನಿಲ್ದಾಣದ ಕಸ್ಟಮ್ಸ್ ಫಾರ್ಮಿನಲ್ಲಿ ಅವನ್ನು ಬರೆದು ತೋರಿಸಿದೆ. ಹಸಿ ಹಣ್ಣು, ಕಾಯಿಪಲ್ಲೆ, ಕರಿಬೇವನ್ನು ಒಯ್ಯಬೇಡಿ, ಅವನ್ನು ಬಿಡುವುದಿಲ್ಲ. ವಸತಿಯಲ್ಲಿ ಬಿಸಿ ಅನ್ನ ಎಷ್ಟು ಬೇಕಾದರೂ ಸಿಗುತ್ತದೆ. ತೋಫು, ಉಪ್ಪಿನಕಾಯಿಯೂ ಸಿಗುತ್ತವೆ. ಅನ್ನಕ್ಕೆ ಚಟ್ನಿಪುಡಿ ಕಲಿಸಿಕೊಂಡರೆ ಮರುದಿನದ ನಡಿಗೆಗೆ ಕೊರತೆಯಾಗದು.

ಪ್ರಶ್ನೆ: ದಾರಿಯಲ್ಲಿ ಜನರು ಯಾತ್ರಿಕರಿಗೆ ಉಡುಗೊರೆ ಕೊಡುತ್ತಾರೆ ಎಂದು ಬರೆದಿದ್ದಿರಿ. ಅದನ್ನು ತೆಗೆದುಕೊಳ್ಳಬೇಕೇ? ತಿರುಗಿ ಏನು ಕೊಡಬೇಕು? — ಗದಗ

ಉತ್ತರ: ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರನ್ನು ನೀವು ಕಂಡಿರುತ್ತೀರಿ. ಹಾದಿಯುದ್ದಕ್ಕೂ ಹಳ್ಳಿಯವರು ಪೆಂಡಾಲು ಹಾಕಿ ಮಜ್ಜಿಗೆ ಕೊಡುತ್ತಾರೆ, ಊಟಕ್ಕೆ ಕೂಡ್ರಿಸುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಶಿಕೋಕುವಿನಲ್ಲಿ ಅದರ ಹೆಸರು ‘ಓಸೆತ್ತಾಯ್’.

ಎರಡನೆಯ ದಿನ ಮಧ್ಯಾಹ್ನ, ಒಂದು ಓಣಿಯ ತಿರುವಿನಲ್ಲಿ, ಬೆನ್ನು ಪೂರ್ತಿ ಬಾಗಿದ ಅಜ್ಜಿಯೊಬ್ಬರು ಕೈಗಾಡಿ ತಳ್ಳುತ್ತ ನಮ್ಮ ಹಿಂದೆ ಬಂದರು. ನಾವು ನಿಂತೆವು. ಗಾಡಿಯ ಮುಚ್ಚಳ ತೆರೆದು, ಎರಡೆರಡು ಕಿತ್ತಳೆ ಹಣ್ಣುಗಳನ್ನು ಎರಡೂ ಕೈಗಳಿಂದ ಒಬ್ಬೊಬ್ಬರಿಗೂ ಕೊಟ್ಟರು. ಹಣ್ಣು ಬಿಸಿಲಿಗೆ ಬೆಚ್ಚಗಿತ್ತು. ನಾನು ಮುಜುಗರದಿಂದ ಪರ್ಸಿಗೆ ಕೈ ಹಾಕಿದೆ. ನಮ್ಮ ಸೆಂದಾತ್ಸು ನನ್ನ ಮೊಣಕೈ ಹಿಡಿದು ತಡೆದರು. ಸೆಂದಾತ್ಸು ಎಂದರೆ ಹಲವು ಸುತ್ತು ಮುಗಿಸಿ ಗುಡಿಗಳ ಸಂಘದಿಂದ ಮನ್ನಣೆ ಪಡೆದ ಮಾರ್ಗದರ್ಶಕ. ‘ಅವರು ಕೊಡುತ್ತಿರುವುದು ನಿಮ್ಮ ಜೊತೆ ನಡೆಯುತ್ತಿರುವ ದೈಶಿಗೆ, ಬೇಡ ಎನ್ನಲು ನಿಮಗೆ ಅಧಿಕಾರವಿಲ್ಲ’ ಎಂದರು. ನಡೆಯಲಾಗದವರು ನಡೆಯುವವರ ಮೂಲಕ ಯಾತ್ರೆ ಮಾಡುತ್ತಾರೆ ಎಂಬುದು ಅಲ್ಲಿಯ ತಿಳಿವಳಿಕೆ.

ಆದ್ದರಿಂದ ಕೊಟ್ಟದ್ದನ್ನು ಎರಡೂ ಕೈಗಳಿಂದ ತೆಗೆದುಕೊಳ್ಳಿ. ತಿರುಗಿ ಕೊಡಬೇಕಾದದ್ದು ‘ಓಸಾಮೆಫುದಾ’ ಎಂಬ ಕಾಗದದ ಪಟ್ಟಿ. ಹೆಸರು, ಊರು, ದಿನಾಂಕ, ಕೋರಿಕೆ ಬರೆದು ಪ್ರತಿ ಗುಡಿಯ ಪೆಟ್ಟಿಗೆಯಲ್ಲಿ ಹಾಕುವುದೂ ಅದನ್ನೇ. ಮೊದಲ ನಾಲ್ಕು ಸುತ್ತಿನವರಿಗೆ ಬಿಳಿಯ ಪಟ್ಟಿ. ನಾನು ಕನ್ನಡದಲ್ಲಿಯೇ ಬರೆದು ಕೊಟ್ಟೆ. ಅಜ್ಜಿ ಆ ಅಕ್ಷರಗಳನ್ನು ಬೆರಳಿನಿಂದ ಸವರಿ ನೋಡಿ, ಹಣೆಗೆ ಮುಟ್ಟಿಸಿಕೊಂಡು, ಗಾಡಿಯೊಳಗೆ ಇಟ್ಟುಕೊಂಡರು.

ಪ್ರಶ್ನೆ: ವೀಸಾ, ಔಷಧಿ, ಖರ್ಚು, ಯಾವ ತಿಂಗಳು ಒಳ್ಳೆಯದು, ಇವಿಷ್ಟನ್ನು ತಿಳಿಸಿ. — ಹಾವೇರಿ ಮತ್ತು ಹುಬ್ಬಳ್ಳಿಯ ಹಲವರು

ಉತ್ತರ: ಭಾರತೀಯರಿಗೆ ವೀಸಾ ಬೇಕು, ಪ್ರವಾಸದ ದಿನಚರಿ, ವಸತಿಗಳ ವಿವರ, ಬ್ಯಾಂಕಿನ ಲೆಕ್ಕಪತ್ರ ಸಿದ್ಧವಿರಲಿ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಒಯ್ಯಿರಿ, ಚೀಟಿಯೂ ಜೊತೆಗಿರಲಿ. ಹೆಚ್ಚು ಬೇಕಾದರೆ ಜಪಾನ್ ಸರಕಾರದ ಅನುಮತಿಪತ್ರವನ್ನು ಮೊದಲೇ ಪಡೆಯಬೇಕು. ಕೋಡೀನ್ ಅಥವಾ ಸ್ಯೂಡೋಎಫೆಡ್ರಿನ್ ಇರುವ ಕೆಮ್ಮು ನೆಗಡಿಯ ಔಷಧಿಗಳ ಮೇಲೆ ಅಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ, ನಮ್ಮಲ್ಲಿ ಸಲೀಸಾಗಿ ಸಿಗುತ್ತದೆ ಎಂದು ಚೀಲಕ್ಕೆ ಹಾಕಬೇಡಿ. ಗುಡಿಯ ಮುದ್ರೆಯ ಶುಲ್ಕ 2024ರ ಏಪ್ರಿಲ್‌ನಿಂದ 300 ಯೆನ್ ಇದ್ದದ್ದು 500 ಆಗಿದೆ; 88 ಗುಡಿಗಳಿಗೆ 44,000 ಯೆನ್. ಅದು ಪ್ರವಾಸದ ಹಣದಲ್ಲಿ ಸೇರಿದೆಯೇ ಎಂದು ಕೇಳಿರಿ. ಮುದ್ರೆ ಹಾಕುವ ಕಚೇರಿ ಸಂಜೆ ಐದಕ್ಕೆ ಮುಚ್ಚುತ್ತದೆ. ಹಳ್ಳಿಗಳಲ್ಲಿ ನಗದು ಹಣವೇ ಬೇಕು. ಮಾರ್ಚ್ ಕೊನೆಯಿಂದ ಮೇ, ಇಲ್ಲವೇ ಅಕ್ಟೋಬರ್ ನವೆಂಬರ್ ಒಳ್ಳೆಯ ಕಾಲ. ಏಪ್ರಿಲ್ ಕೊನೆಯ ವಾರದಿಂದ ಮೇ ಮೊದಲ ವಾರದವರೆಗೆ ಜಪಾನೀಯರ ರಜೆಯ ದಟ್ಟಣೆ ಇರುತ್ತದೆ. ಜೂನ್ ಮಳೆಗಾಲ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಭಯ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಗುಡಿಗಳಲ್ಲಿ ಏನಾದರೂ ನಿರ್ಬಂಧವಿದೆಯೇ? ವಸತಿಯಲ್ಲಿ ಎಲ್ಲರೂ ಒಟ್ಟಿಗೆ ಸ್ನಾನ ಮಾಡಬೇಕು ಎಂದು ಕೇಳಿ ಹೆದರಿಕೆಯಾಗಿದೆ. — ಧಾರವಾಡ

ಉತ್ತರ: ಈಗ ಯಾವ ನಿರ್ಬಂಧವೂ ಇಲ್ಲ, ಹಿಂದೆ ಇತ್ತು. ಹದಿನೆಂಟನೆಯ ಗುಡಿ ಓನ್‌ಝಾನ್‌ಜಿ ಇರುವ ಬೆಟ್ಟಕ್ಕೆ ಹೆಂಗಸರು ಹೋಗುವಂತಿರಲಿಲ್ಲವಂತೆ. ಮಗನನ್ನು ನೋಡಲು ಬಂದ ಕೂಕಾಯ್ ಅವರ ತಾಯಿ ಕೆಳಗೇ ನಿಂತರಂತೆ. ಮಗ ದಿನಗಟ್ಟಲೆ ಅನುಷ್ಠಾನ ಮಾಡಿ ಆ ನಿಷೇಧ ತೆಗೆಸಿ ತಾಯಿಯನ್ನು ಮೇಲಕ್ಕೆ ಕರೆದೊಯ್ದರು ಎಂಬ ಐತಿಹ್ಯ ಅಲ್ಲಿಯದು. ಆದರೆ ಶಿಕೋಕುವಿನ ಹೊರಗೆ ಅವರೇ ವಿಹಾರ ಸ್ಥಾಪಿಸಿದ ಕೋಯಾ ಬೆಟ್ಟದಲ್ಲಿ ಹೆಂಗಸರಿಗೆ ಪ್ರವೇಶ ನಿಷೇಧ ತೆಗೆಯಲು ಸರಕಾರ ಆಜ್ಞೆ ಹೊರಡಿಸಿದ್ದು 1872ರಲ್ಲಿ. ಶಿಕೋಕು ಮುಗಿಸಿದವರು ಕೃತಜ್ಞತೆ ಹೇಳಲು ಹೋಗುವುದು ಆ ಬೆಟ್ಟಕ್ಕೇ, ನಿಮ್ಮ ಪ್ರವಾಸದಲ್ಲಿಯೂ ಅದು ಸೇರಿರಬಹುದು.

ಸ್ನಾನದ ಕೋಣೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಚಿಕ್ಕ ವಸತಿಗಳಲ್ಲಿ ಒಂದೇ ಕೋಣೆಯಿದ್ದರೆ ಸರದಿಯ ಮೇಲೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಬಹುದು. ಹೊರಗೆ ಕುಳಿತು ಮೈ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಸಂಕೋಚವಿದ್ದರೆ ಮಾರ್ಗದರ್ಶಕರಿಗೆ ಹೇಳಿ ಕೊನೆಯ ಸರದಿ ಕೇಳಿಕೊಳ್ಳಿ. ನಡೆದು ಬಂದ ಕಾಲಿಗೆ ಆ ನೀರಿಗಿಂತ ಒಳ್ಳೆಯ ಔಷಧಿ ಇಲ್ಲ.

ಪ್ರಶ್ನೆ: ನಾನು ರೈತ. ದೇವರ ದರ್ಶನದ ಜೊತೆಗೆ ಅಲ್ಲಿಯ ಒಕ್ಕಲುತನವನ್ನೂ ನೋಡಬೇಕೆಂಬ ಆಸೆ. ಈ ದಾರಿಯಲ್ಲಿ ಅದು ಕಾಣಸಿಗುತ್ತದೆಯೇ? — ಹಾವೇರಿ ಜಿಲ್ಲೆಯ ಒಂದು ಹಳ್ಳಿ

ಉತ್ತರ: ಬೇರೆ ಯಾವ ಪ್ರವಾಸದಲ್ಲಿಯೂ ಕಾಣದಷ್ಟು ಕಾಣುತ್ತದೆ, ಏಕೆಂದರೆ ಹಳೆಯ ದಾರಿ ಹೊಲಗಳ ನಡುವೆಯೇ ಹೋಗುತ್ತದೆ. ತುಂಡು ತುಂಡು ಗದ್ದೆಗಳು, ಚಿಕ್ಕ ಬಿಳಿಯ ಟ್ರಕ್ಕುಗಳು, ಎಹಿಮೆಯಲ್ಲಿ ಇಳಿಜಾರಿನ ತುಂಬ ಕಿತ್ತಳೆ ತೋಟಗಳು. ಕಾಡಹಂದಿಯ ಕಾಟ ಅವರಿಗೂ ಇದೆ. ಕೆಲವೆಡೆ ಬೆಟ್ಟದ ದಾರಿಗೆ ಅಡ್ಡಲಾಗಿ ತಂತಿಯ ಗೇಟುಗಳಿರುತ್ತವೆ, ಯಾತ್ರಿಕರು ತೆರೆದು ದಾಟಿ ಮತ್ತೆ ಚಿಲಕ ಹಾಕಿಯೇ ಮುಂದೆ ಹೋಗಬೇಕು. ರಸ್ತೆಯ ಬದಿಗೆ ಯಾರೂ ಕಾಯದ ಗೂಡಂಗಡಿಯಲ್ಲಿ ಬದನೆ, ಮೂಲಂಗಿ, ಕಿತ್ತಳೆ ಇಟ್ಟಿರುತ್ತಾರೆ. 100 ಯೆನ್ ನಾಣ್ಯವನ್ನು ಡಬ್ಬಿಗೆ ಹಾಕಿ ಒಯ್ಯುವುದು. ದುಡಿಯುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರಂತೆ ಕಾಣುತ್ತಾರೆ, ಮಕ್ಕಳು ನಗರ ಸೇರಿದ್ದಾರೆ, ಬೀಗ ಹಾಕಿದ ಮನೆಗಳ ಅಂಗಳದಲ್ಲಿ ಹುಲ್ಲು ಬೆಳೆದಿದೆ. ಅದನ್ನು ನೋಡುತ್ತ ನನಗೆ ನಮ್ಮ ಕಡೆಯ ಹಳ್ಳಿಗಳದೇ ಚಿಂತೆ ಹತ್ತಿತು.

ನೀವು ತಪ್ಪದೆ ನೋಡಬೇಕಾದದ್ದು ಒಂದು ಕೆರೆ. ಕಾಗಾವಾ ಪ್ರಾಂತದಲ್ಲಿ ಮಳೆ ಕಡಿಮೆ, ದೊಡ್ಡ ನದಿಯಿಲ್ಲ. ಹಾಗಾಗಿ ಹಿಂದಿನವರು ಹತ್ತು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟೆಗಳನ್ನು ಮಾಡಿಕೊಂಡರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮನ್ನೋ ಕೆರೆ, ಝೆಂತ್ಸುಜಿಯ ದಕ್ಷಿಣ ದಿಕ್ಕಿಗೆ. ಏರಿ ಒಡೆದು ದುರಸ್ತಿ ಕೈಗೂಡದೆ ಇದ್ದಾಗ, 821ರಲ್ಲಿ ಆ ಕೆಲಸದ ಹೊಣೆಯನ್ನು ಕೂಕಾಯ್ ಅವರಿಗೆ ವಹಿಸಿದರು. ಹುಟ್ಟೂರಿನ ಯತಿ ಬಂದಿದ್ದಾರೆಂದು ಜನ ಕೂಡಿದರು. ನೀರಿನ ಒತ್ತಡ ತಡೆಯುವಂತೆ ಏರಿಯನ್ನು ನೀರಿನ ಕಡೆಗೆ ಬಿಲ್ಲಿನಂತೆ ಬಾಗಿಸಿ ಕಟ್ಟಿಸಿದರು ಎನ್ನುತ್ತಾರೆ. ಮುಂದೆ ಹಲವು ಸಲ ಒಡೆದು, ಮತ್ತೆ ಕಟ್ಟಿ, ಇಂದಿಗೂ ಅದು ಗದ್ದೆಗಳಿಗೆ ನೀರು ಕೊಡುತ್ತಿದೆ. ಮದಗ ಮಾಸೂರಿನ ಏರಿಯ ಮೇಲೆ ನಿಂತು ಗೊತ್ತಿರುವ ನಿಮಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ಕೆರೆ ಯಾತ್ರೆಯ ದಾರಿಯಿಂದ ಸ್ವಲ್ಪ ಹೊರಗಿದೆ, ಆದ್ದರಿಂದ ಅರ್ಧ ದಿನ ಬಿಡುವು ಕೊಡಿಸಲು ಸಂಘಟಕರಿಗೆ ಮುಂಚೆಯೇ ಹೇಳಿರಿ.

ಅದರ ತೂಬು ತೆಗೆದು ಗದ್ದೆಗೆ ನೀರು ಬಿಡುವ ಹಬ್ಬ ಜೂನ್ ಮಧ್ಯದಲ್ಲಿ ನಡೆಯುತ್ತದೆ. ಆಗ ನಿಮ್ಮಲ್ಲಿ ಬಿತ್ತಿಗೆಯ ಹೊತ್ತು, ಹೊಲ ಬಿಟ್ಟು ಬರಲಾಗದು. ಯುಗಾದಿ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಹೊರಡಿ. ಕಾಗಾವಾದ ಬಹುಪಾಲು ಗದ್ದೆಗಳಲ್ಲಿ ಆಗಿನ್ನೂ ನಾಟಿ ಶುರುವಾಗಿರುವುದಿಲ್ಲ, ಆದರೆ ಬೆಚ್ಚಗಿನ ಕೋಚಿಯ ಕಡಲತೀರದಲ್ಲಿ ಮುಂಗಡ ಭತ್ತದ ನಾಟಿ ನಡೆದಿರುತ್ತದೆ. ನಿಮ್ಮ ದಾರಿ ಆ ಬದುಗಳ ಪಕ್ಕದಲ್ಲಿಯೇ ಹಾದುಹೋಗುತ್ತದೆ.